ಹನ್ನೆರಡನೆಯ ಫೋಟೋ

ಕಿಟಕಿಯ ದಂಡೆಯ ಮೇಲೆ ಒಣಗಲು ಇಟ್ಟಿದ್ದ ನೋಟ್‌ಬುಕ್ ಇರಲಿಲ್ಲ.

ಹೃಷೀಕೇಶ ಉಪಾಧ್ಯ ಮೇಜಿನ ಕೆಳಗೆ ನೋಡಿದ, ಮಂಚದ ಕೆಳಗೆ ನೋಡಿದ. ಅಂಗಳಕ್ಕಿಳಿದು ಕಿಟಕಿಯ ಬುಡದ ದಾಸವಾಳದ ಗಿಡವನ್ನು ಸರಿಸಿ ನೋಡಿದ. ಎಲ್ಲಿಯೂ ಇಲ್ಲ! ಕ್ಯಾಮರಾ ಇಟ್ಟಲ್ಲೇ ಇತ್ತು, ಕೈಗಡಿಯಾರವೂ ಇತ್ತು. ಅವೆರಡನ್ನೂ ಬಿಟ್ಟು, ಕೆಸರು ಮೆತ್ತಿದ ನೋಟ್‌ಬುಕ್ ಕದಿಯುವ ಕಳ್ಳನೂ ಉಂಟೇ?

೧೯೭೨ರ ಫೆಬ್ರವರಿಯ ಒಂದು ಭಾನುವಾರ, ಸಂಜೆ ಐದು ಗಂಟೆ. ಮಣಿಪಾಲದ ಆ ಬಾಡಿಗೆ ಕೋಣೆಯಲ್ಲಿ ಕುಳಿತೇ ಅವನು ಯುದ್ಧದ ಲೇಖನಮಾಲೆ ಬರೆಯುತ್ತಿದ್ದುದು. ನವೆಂಬರಿನ ಕೊನೆಯಲ್ಲಿ ವಾರಪತ್ರಿಕೆಯೊಂದರ ಪರವಾಗಿ ಪೂರ್ವದ ಗಡಿಗೆ ಹೋಗಿ, ಕಾಲಾಳುಗಳ ಒಂದು ಕಂಪೆನಿಯ ಜೊತೆ ಹದಿನೆಂಟು ದಿನ ಇದ್ದು ಬಂದಿದ್ದ. ಮೂರು ಕಂತು ಅಚ್ಚಾಗಿತ್ತು. ನಾಲ್ಕನೆಯದು ಕೊನೆಯ ದಿನದ ಕಥೆ.

ತೊಂದರೆಯೆಂದರೆ, ಆ ದಿನ ಅವನಿಗೇ ನೆನಪಿಲ್ಲ. ಷೆಲ್ ಬಿದ್ದು ತಲೆಗೆ ಪೆಟ್ಟಾಗಿತ್ತು. ಕಣ್ಣು ಬಿಟ್ಟದ್ದು ಮಿಲಿಟರಿ ಆಸ್ಪತ್ರೆಯಲ್ಲಿ. ಕಾರ್ಕಳದ ಸಿಪಾಯಿ ಅಣ್ಣು ಮಧ್ಯರಾತ್ರಿಯ ದಾಳಿಯಲ್ಲಿ ಮಡಿದನೆಂದು ಅಲ್ಲಿಯೇ ತಿಳಿದದ್ದು. ಕಂದಕದಲ್ಲಿ ಉಳಿದಿದ್ದ ನೋಟ್‌ಬುಕ್ ಮತ್ತು ಫಿಲ್ಮ್ ಶುಕ್ರವಾರವಷ್ಟೇ ಪಾರ್ಸೆಲಿನಲ್ಲಿ ಬಂದಿದ್ದವು. ಪುಟಗಳು ನೀರು ಕುಡಿದು ಒಂದಕ್ಕೊಂದು ಅಂಟಿದ್ದವು. ಬಿಡಿಸಿದರೆ ಹರಿದಾವೆಂದು ಮೂರು ದಿನದಿಂದ ಬಿಸಿಲಿಗಿಟ್ಟಿದ್ದ.

"ಪೊಲೀಸರಿಗೆ ಹೇಳುವುದಾ, ಬಾಯಮ್ಮ?" ಎಂದು ಮನೆಯೊಡತಿಯನ್ನು ಕೇಳಿದ.

"ಮೊದಲು ನನಗೆ ಹೇಳಿ," ಎಂದರು ಜೆರ್ಟ್ರೂಡ್ ಬಾಯಿ.

ಇಪ್ಪತ್ತೈದು ವರ್ಷ ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವರು ಅವರು. ವಾರ್ಡಿನಲ್ಲಿ ಔಷಧಿ ಕಳೆದರೂ ಪದಕ ಕಳೆದರೂ ಅಧಿಕಾರಿಗಳು ಮೊದಲು ಕರೆಯುತ್ತಿದ್ದುದು ಅವರನ್ನೇ.

"ಇವತ್ತು ಯಾರೆಲ್ಲ ಬಂದಿದ್ದರು?"

"ಮೂವರು. ಎರಡು ಗಂಟೆಗೆ ಉಡುಪಿಯ ಸ್ಟುಡಿಯೋದ ಲಿಯೋನೆಲ್, ಪಾರ್ಸೆಲಿನ ಫಿಲ್ಮಿನ ಫೋಟೋ ಕೊಡಲಿಕ್ಕೆ. ಮೂರಕ್ಕೆ ಕಾಪುವಿನ ಹವಾಲ್ದಾರ್ ದೂಮಪ್ಪ. ಅದೇ ಕಂಪೆನಿಯವರು, ಕಾಲಿಗೆ ಗುಂಡು ತಾಗಿ ರಜೆಯಲ್ಲಿದ್ದಾರೆ. ನಾಲ್ಕಕ್ಕೆ ಅಣ್ಣುವಿನ ಹೆಂಡತಿ ವನಜಾಕ್ಷಿ."

"ಕೋಣೆಯಲ್ಲಿ ಒಬ್ಬರೇ ಇದ್ದದ್ದು ಯಾರು?"

"ಮೂವರೂ! ಒಬ್ಬೊಬ್ಬರು ಬಂದಾಗಲೂ ನಾನು ಚಹಾಕ್ಕೆಂದು ನಿಮ್ಮ ಅಡುಗೆಮನೆಗೆ ಬಂದೆನಲ್ಲ."

"ಲಿಯೋನೆಲ್ ಎಂತ ಮಾತಾಡಿದ?"

"ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಬೊಂಬಾಯಿಯ ಪತ್ರಿಕೆಗೆ ಕಳಿಸೋಣ ಎಂದ. ಬೇಡ ಎಂದೆ. ಮುಖ ಸಣ್ಣ ಮಾಡಿಕೊಂಡು ಹೋದ."

"ವನಜಾಕ್ಷಿ?"

"ಗಂಡ ಹೇಗೆ ಸತ್ತದ್ದು ಎಂದು ಕೇಳಿದರು. ನೋಟ್‌ಬುಕ್ ಓದಿ ಹೇಳುತ್ತೇನೆ ಎಂದೆ."

"ದೂಮಪ್ಪ?"

"ಏನೂ ಕೇಳಲಿಲ್ಲ. ತಲೆನೋವು ಹೋಯಿತಾ ಎಂದರು, ಅಷ್ಟೇ."

ಬಾಯಮ್ಮ ಕುರ್ಚಿಯೆಳೆದು ಕುಳಿತರು. "ಅಲ್ಲಿ ಜವಾನರು ನಿಮ್ಮನ್ನು ಹೇಗೆ ನೋಡಿಕೊಂಡರು? ಲೇಖನದಲ್ಲಿ ಬರೆದದ್ದಲ್ಲ, ನಿಜ ಹೇಳಿ."

ಹೃಷೀಕೇಶ ಮಂಚದ ಅಂಚಿಗೆ ಕುಳಿತ. "ಮೊದಲ ವಾರ ಒಬ್ಬನೂ ಮಾತಾಡಲಿಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. 'ಬಂದೂಕಿಲ್ಲದ ಬಾಯಿ' ಎಂದು ನನಗೆ ಹೆಸರಿಟ್ಟಿದ್ದರು. ಕಂದಕದಲ್ಲಿ ನೀರು ನಿಲ್ಲುವ ಮೂಲೆ ನನ್ನದು. ಎಂಟನೆಯ ದಿನ ನೀರಿನ ಡಬ್ಬ ಹೊರುವವನಿಗೆ ಜ್ವರ ಬಂತು. ನಾನು ಹೊತ್ತೆ. ಎರಡು ಮೈಲಿ, ಗದ್ದೆಯ ಹುಣಿಯ ಮೇಲೆ, ಒಂದು ಹೆಜ್ಜೆ ಅಗಲದ ಬದು. ಆ ಸಂಜೆ ಅಣ್ಣು ಬಂದು ತುಳುವಿನಲ್ಲಿ ಊರು ಯಾವುದೆಂದು ಕೇಳಿದ. ಅರ್ಧ ಕಂಬಳಿ ಕೊಟ್ಟ. ಆಮೇಲೆ ಎಲ್ಲರೂ ಮಾತಾಡಿದರು."

ಬಾಯಮ್ಮ ಮೇಜಿನ ಮೇಲಿನ ಲಕೋಟೆಯನ್ನು ಎತ್ತಿಕೊಂಡರು. ಮೇಲೆ ಪೆನ್ಸಿಲಿನಲ್ಲಿ '೧೨' ಎಂದಿತ್ತು. ಬಾಯಿಗೆ ಅಂಟು ಹಾಕಿರಲಿಲ್ಲ. ಫೋಟೋಗಳನ್ನು ಎಣಿಸಿದರು.

"ಇದರಲ್ಲಿ ಹನ್ನೊಂದು ಉಂಟು."

"ನಾನಿನ್ನೂ ತೆರೆದು ನೋಡಿಲ್ಲ. ಒಂದು ಹಾಳಾಗಿರಬೇಕು, ಬಿಡಿ. ಈಗ ಹೋದದ್ದು ನೋಟ್‌ಬುಕ್ ಅಲ್ವಾ?"

ಬಾಯಮ್ಮ ಹನ್ನೊಂದನ್ನೂ ಲಕೋಟೆಗೆ ಸೇರಿಸಿ ತಮ್ಮಲ್ಲೇ ಇಟ್ಟುಕೊಂಡರು.

ಸೋಮವಾರ ಬೆಳಿಗ್ಗೆ ಇಬ್ಬರೂ ಉಡುಪಿಗೆ ಇಳಿದರು. ಹನ್ನೊಂದೆಂದು ಕೇಳಿ ಲಿಯೋನೆಲ್ ಸಿಡಿಮಿಡಿಗೊಂಡ.

"ಹಾಳಾಗುವುದಾ? ನನ್ನ ಕೈಯಲ್ಲಾ? ಹನ್ನೆರಡು ಎಣಿಸಿ ಹಾಕಿದ್ದೇನೆ, ಬಾಯಮ್ಮ. ನನ್ನನ್ನು ಕಳ್ಳ ಎನ್ನುತ್ತೀರಾ?"

"ಯಾರು ಹೇಳಿದ್ದು? ನೆಗೆಟಿವ್ ಉಂಟಲ್ಲ, ಇದರಲ್ಲಿ ಇಲ್ಲದ್ದನ್ನು ಒಮ್ಮೆ ಪ್ರಿಂಟ್ ಮಾಡಿ ಕೊಡು."

ಅರ್ಧ ಗಂಟೆಯಲ್ಲಿ ಫೋಟೋ ಬಂತು. ಅಣ್ಣು ಇದ್ದ ಫೋಟೋ. ಬಾಯಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಉಪಾಧ್ಯರೇ, ನಿಮ್ಮ ಕ್ಯಾಮರಾಕ್ಕೆ ಫ್ಲ್ಯಾಶ್ ಉಂಟಾ?"

"ಇಲ್ಲ. ಯಾಕೆ?"

"ಕಾಪುವಿನ ಬಸ್ಸು ಎಷ್ಟು ಹೊತ್ತಿಗೆ?"

"ಕಾಪುವಾ? ನಾನು ಕಾರ್ಕಳ ಎಂದುಕೊಂಡೆ," ಎಂದ ಹೃಷೀಕೇಶ. "ಸತ್ತ ಗಂಡನ ಫೋಟೋ ಕಂಡರೆ ಯಾವ ಹೆಂಡತಿ ಬಿಟ್ಟಾಳು?"

"ಬಸ್ಸು ಹತ್ತಿ."

ದೂಮಪ್ಪನ ಮನೆ ಕಡಲಿಗೆ ನೂರು ಹೆಜ್ಜೆ. ಪಟ್ಟಿ ಕಟ್ಟಿದ ಕಾಲು ಚಾಚಿ ಅವನು ಜಗಲಿಯಲ್ಲಿ ಕುಳಿತಿದ್ದ. ಬಂದವರನ್ನು ಕಂಡು ಎದ್ದು ನಿಲ್ಲಲು ನೋಡಿದ.

"ಕೂತುಕೊಳ್ಳಿ ಹವಾಲ್ದಾರರೇ," ಎಂದು ಬಾಯಮ್ಮ ಫೋಟೋವನ್ನು ಅವನ ಮುಂದಿಟ್ಟರು. "ಇದರ ಇನ್ನೊಂದು ಪ್ರತಿ ನಿಮ್ಮಲ್ಲಿ ಉಂಟು. ನೋಟ್‌ಬುಕ್ಕೂ ಉಂಟು."

ದೂಮಪ್ಪ ಫೋಟೋ ನೋಡಿ ಕೈಯಿಂದ ದೂರ ಸರಿಸಿದ.

"ಬಾಯಮ್ಮ!" ಹೃಷೀಕೇಶನಿಗೆ ಸಿಟ್ಟು ಬಂತು. "ಯಾವ ಆಧಾರದ ಮೇಲೆ?"

"ನೀವು 'ಬಿಡಿ' ಎಂದಿರಲ್ಲ, ಆ ಹನ್ನೆರಡನೆಯ ಫೋಟೋದ ಆಧಾರದ ಮೇಲೆ. ನೋಟ್‌ಬುಕ್ ಮಾತ್ರ ಹೋಗಿದ್ದರೆ ಲಿಯೋನೆಲ್ ಎನ್ನಬಹುದಿತ್ತು. ಫೋಟೋ ಮಾತ್ರ ಹೋಗಿದ್ದರೆ ವನಜಾಕ್ಷಿ. ಆದರೆ ಲಿಯೋನೆಲ್ ಫೋಟೋ ಯಾಕೆ ಕದಿಯಬೇಕು? ನೆಗೆಟಿವ್ ಅವನಲ್ಲೇ ಉಂಟು. ವನಜಾಕ್ಷಿ ನೋಟ್‌ಬುಕ್ ಯಾಕೆ ಕದಿಯಬೇಕು? ಓದಿ ಹೇಳಿ ಎಂದು ಕೇಳಲಿಕ್ಕೇ ಬಂದವಳು ಅವಳು. ಎರಡೂ ಒಂದೇ ಮಾತು ಹೇಳುತ್ತವೆ ಎಂದು ತಿಳಿದವನು ಎರಡನ್ನೂ ಒಯ್ದ. ಅದು ಗೊತ್ತಿರುವುದು ಅಲ್ಲಿ ಇದ್ದವನಿಗೆ."

"ಎಂತ ಮಾತು?"

"ಫೋಟೋ ಸರಿಯಾಗಿ ನೋಡಿ."

ಮೂವರು ಜವಾನರು ಕಂದಕದಲ್ಲಿ ಚಹಾದ ಮಗ್ಗು ಹಿಡಿದು ಕುಳಿತಿದ್ದರು. ನಡುವಿನವನು ಅಣ್ಣು, ನಗುತ್ತಿದ್ದ. ಅವರ ಹಿಂದೆ ಹೊಡೆತಕ್ಕೆ ಸಿಕ್ಕಿ ಕುಸಿದ ಶತ್ರುವಿನ ಬಂಕರು. ಮೂವರ ನೆರಳೂ ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದಿತ್ತು.

"ಬಂಕರು ಬಿದ್ದದ್ದು ಯಾವಾಗ?"

"ಅದೇ ರಾತ್ರಿಯ ದಾಳಿಯಲ್ಲಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು..." ಎಂದವನು ತಡೆದ. "ಇದು ಬೆಳಗಿನ ಬಿಸಿಲು!"

"ಹೌದು. ಮಧ್ಯರಾತ್ರಿ ಸತ್ತವನು ಬೆಳಿಗ್ಗೆ ಚಹಾ ಕುಡಿಯುತ್ತಾನಾ? ಅಣ್ಣು ಸತ್ತದ್ದು ಬೆಳಕು ಹರಿದ ಮೇಲೆ. ನಿಮಗೆ ಪೆಟ್ಟಾದದ್ದೂ ಆಗಲೇ."

ಹೃಷೀಕೇಶ ದೂಮಪ್ಪನ ಕಡೆ ತಿರುಗಿದ. "ಏನಾಯಿತು, ಹವಾಲ್ದಾರರೇ?"

"ತಿಳಿದು ಏನು ಮಾಡುತ್ತೀರಿ ಉಪಾಧ್ಯರೇ? ಬಿಡಿ."

"ಹೇಳಿ."

ದೂಮಪ್ಪ ಕಡಲಿನ ಕಡೆ ನೋಡುತ್ತ ಹೇಳಿದ. "ಚಹಾ ಮುಗಿಸಿ ನೀವು ಬಂಕರಿನ ಫೋಟೋ ತೆಗೆಯಲಿಕ್ಕೆ ಹುಣಿಯ ಮೇಲೆ ಹೋದಿರಿ. ಬೇಡ ಎಂದು ಕೂಗಿದೆವು. ನಿಮಗೆ ಕೇಳಿಸಲಿಲ್ಲವೋ ಏನೋ. ಮೊದಲ ಷೆಲ್ ಹತ್ತಿರ ಬಿತ್ತು, ನೀವು ಉರುಳಿದಿರಿ. ಅಣ್ಣು ಓಡಿದ. ನಿಮ್ಮನ್ನು ಕಾಲರು ಹಿಡಿದು ಎಳೆದು ಕಂದಕಕ್ಕೆ ದೂಡಿದ. ಅವನು ಇಳಿಯುವ ಮೊದಲು ಎರಡನೆಯದು ಬಿತ್ತು."

ಹೃಷೀಕೇಶ ಜಗಲಿಯ ಕಂಬಕ್ಕೆ ಕೈಯೂರಿದ.

"ನನಗೆ ಯಾಕೆ ಹೇಳಲಿಲ್ಲ? ಆರ್ಡರಾ?"

"ಆರ್ಡರ್ ಅಲ್ಲ, ನಾವು ಮಾಡಿಕೊಂಡ ಮಾತು. ಸುಬೇದಾರರು ಎಲ್ಲರನ್ನೂ ಕೂರಿಸಿ ಹೇಳಿದರು, 'ಇವನು ಬಂದೂಕು ಇಲ್ಲದೆ ನಮ್ಮ ನಡುವೆ ಇದ್ದವನು. ಒಬ್ಬ ತನಗೋಸ್ಕರ ಸತ್ತ ಎಂದು ತಿಳಿದರೆ ಇನ್ನು ಪೆನ್ನು ಹಿಡಿಯಲಾರ. ಯಾರೂ ಬಾಯಿ ಬಿಡಬೇಡಿ, ರಾತ್ರಿಯ ದಾಳಿಯಲ್ಲಿ ಸತ್ತ ಎಂದೇ ಹೇಳಿ.' ಹೆಡ್‌ಕ್ವಾರ್ಟರಿನ ಗುಮಾಸ್ತ ನಿಮ್ಮ ಸಾಮಾನು ಕಳಿಸಿದ್ದು ನಮಗೆ ಗೊತ್ತಿರಲಿಲ್ಲ. ನಿನ್ನೆ ಕಿಟಕಿಯಲ್ಲಿ ನೋಟ್‌ಬುಕ್ ಕಂಡಾಗ ಜೀವ ಹಾರಿತು. ಲಕೋಟೆ ತೆರೆದರೆ ಅದರಲ್ಲಿ ಈ ಫೋಟೋ."

ಒಳಗೆ ಹೋಗಿ ನೋಟ್‌ಬುಕ್ ತಂದ. "ಸುಡಬೇಕೆಂದು ಒಲೆಯ ತನಕ ಒಯ್ದೆ. ಆಗಲಿಲ್ಲ. ಅಣ್ಣುವಿನ ಕೊನೆಯ ಮಾತು ಇದರಲ್ಲಿ ಉಂಟು."

ಪುಟಗಳು ಒಣಗಿ ಬಿಟ್ಟುಕೊಂಡಿದ್ದವು. ಕೊನೆಯ ಪುಟದಲ್ಲಿ ಹೃಷೀಕೇಶನದೇ ಅಕ್ಷರ: 'ಬೆಳಿಗ್ಗೆ ೬.೧೦. ಚಹಾ. ಹೆಣ್ಣು ಮಗುವಾದರೆ ಹೆಸರು ನೀವೇ ಹುಡುಕಿ ಕೊಡಬೇಕು ಎನ್ನುತ್ತಾನೆ ಅಣ್ಣು.'

ವಾಪಸು ಬಸ್ಸಿನಲ್ಲಿ ಹೃಷೀಕೇಶ ಆ ಪುಟವನ್ನು ಮತ್ತೆ ಮತ್ತೆ ಓದಿದ. ಮಣಿಪಾಲದಲ್ಲಿ ಇಳಿಯುವಾಗ ಬಾಯಮ್ಮ ಇಷ್ಟೇ ಹೇಳಿದರು: "ಕಾರ್ಕಳಕ್ಕೆ ನಾನು ಬರುವುದಿಲ್ಲ. ಅದು ನಿಮ್ಮ ಕೆಲಸ."

ಮಂಗಳವಾರ ಅವನು ಹೋದಾಗ ವನಜಾಕ್ಷಿ ಬೀಡಿ ಕಟ್ಟುತ್ತಿದ್ದಳು. ತುಂಬು ಬಸುರಿ. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಅವಳ ಕೈ ನಿಂತಿತು. ಫೋಟೋವನ್ನು ಸೆರಗಿನಲ್ಲಿ ಒರೆಸಿ ನೋಡಿದಳು. ಕಣ್ಣೀರು ಕೆನ್ನೆಗಿಳಿಯಿತು.

"ನನ್ನಿಂದಾಗಿ..." ಎಂದ ಹೃಷೀಕೇಶ.

"ನಿಮ್ಮನ್ನು ಎಳೆದು ತಾ ಎಂದು ಅವರಿಗೆ ಯಾರಾದರೂ ಹೇಳಿದ್ದರಾ?"

"ಇಲ್ಲ."

"ಹಾಗಾದರೆ ಅದು ಅವರೇ ಮಾಡಿದ ಕೆಲಸ. ಅದನ್ನು ನಿಮ್ಮ ತಪ್ಪು ಮಾಡಿಕೊಂಡು ಅವರಿಂದ ಕಿತ್ತುಕೊಳ್ಳಬೇಡಿ." ಮುಖ ಒರೆಸಿಕೊಂಡಳು. "ಪೇಪರಿನಲ್ಲಿ ಹಾಕಿ. ಯಾರನ್ನು ಎಳೆದದ್ದು ಎಂದೂ ಹಾಕಿ. ಹೆಸರು ಬಿಡಬೇಡಿ."

ನಾಲ್ಕನೆಯ ಕಂತು ಆ ವಾರವೇ ಅಚ್ಚಾಯಿತು. ಮೊದಲ ಸಾಲಿನಲ್ಲಿ ಅಣ್ಣುವಿನ ಹೆಸರಿತ್ತು, ಎರಡನೆಯದರಲ್ಲಿ ಹೃಷೀಕೇಶನದು.

ರಜೆ ಮುಗಿಸಿ ಹೊರಟ ದೂಮಪ್ಪ ದಾರಿಯಲ್ಲಿ ಮಣಿಪಾಲಕ್ಕೆ ಬಂದು ಹತ್ತು ಪ್ರತಿ ಕೇಳಿದ.

"ಕಂಪೆನಿಗಾ?" ಎಂದ ಹೃಷೀಕೇಶ. "ಮಾತು ಮುರಿದೆ ಎಂದು ಸುಬೇದಾರರು ಬೈಯುವುದಿಲ್ಲವಾ?"

"ಬೈಯುತ್ತಾರೆ," ಎಂದ ದೂಮಪ್ಪ, ಪ್ರತಿಗಳನ್ನು ಟ್ರಂಕಿನಲ್ಲಿ ಜೋಡಿಸುತ್ತ. "ಓದಿದ ಮೇಲೆ ಬೈಯಲಿ."