ಆಲ್ಜಿಯರ್ಸಿಗೆ ಒಂದೇ ಸೀಟು

ವರ್ದಿಯಾ ಮಡಚಿಟ್ಟಿದ್ದ ಬಟ್ಟೆಗಳನ್ನು ಅತ್ತೆ ಖೈರಾ ಪೆಟ್ಟಿಗೆಯಿಂದ ತೆಗೆದು ಹಾಸಿಗೆಯ ಮೇಲೆ ಎಸೆಯುತ್ತಿದ್ದಳು. ನಾಲ್ಕಕ್ಕೆ ವಿಮಾನ. ಆಗಲೇ ಎರಡು ದಾಟಿತ್ತು.

ಆಲ್ಜಿಯರ್ಸಿನಲ್ಲಿ ವರ್ದಿಯಾಳ ತಂದೆ ಅರೆಸ್ಕಿಯ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಹೊಂದಿಕೆಯಾದದ್ದು ಮಗಳದ್ದು ಮಾತ್ರ. ನಾಡಿದ್ದು ಬೆಳಗ್ಗೆ ಆಪರೇಷನ್. ನಾಳೆಯೇ ಆಕೆ ಆಸ್ಪತ್ರೆ ಸೇರಬೇಕು. ಇವರಿದ್ದ ಮರುಭೂಮಿಯ ಊರು ತಮನ್ರಾಸೆತ್‌ನಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ. ವಿಮಾನದಲ್ಲಿ ಎರಡೂವರೆ ಗಂಟೆ. ಬಸ್ಸಿನಲ್ಲಾದರೆ ಮರುಭೂಮಿ ದಾಟಿ ಎರಡು ದಿನ. ಗಂಡ ಲಖ್ದರ್ ಎಷ್ಟು ಅಲೆದರೂ ಸಿಕ್ಕಿದ್ದು ಒಂದೇ ಸೀಟು.

"ಎರಡು ವರ್ಷದ ಕೂಸನ್ನ ಬಿಟ್ಟು ಹೊಟ್ಟೆ ಕೊಯ್ಸಿಕೊಳ್ಳೋಕೆ ಹೋಗ್ತೀಯಾ? ನಿನಗೇನಾದ್ರೂ ಆದ್ರೆ ಇದಕ್ಕೆ ತಾಯಿ ಯಾರು? ನಾನಂತೂ ನೋಡ್ಕೊಳ್ಳಲ್ಲ, ಈಗ್ಲೇ ಹೇಳಿದೀನಿ," ಎಂದಳು ಖೈರಾ.

ತಾಯಿಯ ಮುಂದೆ ಎಂದೂ ಬಾಯಿ ಬಿಡದ ಲಖ್ದರ್, ಹೊತ್ತಾಯಿತು ಎಂದಷ್ಟೇ ಗೊಣಗಿದ.

"ಎರಡೂವರೆ ಗಂಟೆ ದಾರಿ ಅತ್ತೆ..." ಎಂದಳು ವರ್ದಿಯಾ. "ಅಷ್ಟು ಹತ್ತಿರ ಇದ್ದೂ ಅಪ್ಪನ ಸಾವಿನ ಸುದ್ದಿಗೆ ಕಾಯ್ತಾ ಕೂರಲಾ?"

ಖೈರಾಳ ಕೈ ನಿಂತಿತು. ಹನ್ನೆರಡು ವರ್ಷಗಳ ಹಿಂದೆ, ಎದೆನೋವೆಂದ ಗಂಡನಿಗೆ ವಿಮಾನದಲ್ಲಿ ಜಾಗ ಸಿಗದೆ ಆಕೆ ಬಸ್ಸಿನಲ್ಲಿ ಕರೆದೊಯ್ದಿದ್ದಳು. ಇನ್ ಸಲಾಹ್ ಊರು ತಲುಪುವಾಗ ಅವಳ ಹೆಗಲ ಮೇಲೆಯೇ ಆತನ ಉಸಿರು ನಿಂತಿತ್ತು. ಆಲ್ಜಿಯರ್ಸ್ ಇನ್ನೂ ಸಾವಿರ ಕಿಲೋಮೀಟರಿನಾಚೆ! ಇನ್ ಸಲಾಹ್‌ನಲ್ಲೇ ಮಣ್ಣು ಮಾಡಿ ಬಂದವಳು ಮತ್ತೆ ಆ ದಾರಿ ತುಳಿದಿರಲಿಲ್ಲ.

ಆಕೆ ಬಟ್ಟೆ ಬಿಟ್ಟು ಹೊರಗೆ ಹೋದಳು. ಬಟ್ಟೆಗಳನ್ನು ಬಾಚಿ ತುಂಬಿಕೊಂಡು, ಮಲಗಿದ್ದ ಮಗಳು ಸೆಲ್ಮಾಳ ಹಣೆಗೆ ಮುತ್ತಿಟ್ಟು, ವರ್ದಿಯಾ ಲಖ್ದರನ ಜೊತೆ ಹೊರಟಳು.

ನಿಲ್ದಾಣದಲ್ಲಿ ಧೂಳುಗಾಳಿ ಎದ್ದಿತ್ತು. ವಿಮಾನ ಒಂದು ಗಂಟೆ ತಡವೆಂದರು, ಆಮೇಲೆ ಇನ್ನರ್ಧ ಗಂಟೆ. ಹಾರದೇ ಹೋದರೆ...? ಐದೂವರೆಗೆ ಕೊನೆಗೂ ಕರೆ ಬಂತು. ಸಾಲಿನಲ್ಲಿ ನಿಂತವಳಿಗೆ, ಸೆಲ್ಮಾಳನ್ನು ಕಂಕುಳಲ್ಲಿಟ್ಟುಕೊಂಡು ಬಿರಬಿರನೆ ಬರುತ್ತಿದ್ದ ಖೈರಾ ಕಂಡಳು. ಲಖ್ದರನ ಮುಖ ಬಿಳಿಚಿತು.

"ತಡೀಬೇಡಿ ಅತ್ತೆ."

"ತಡೆಯೋಕೆ ಬಂದಿಲ್ಲ." ಖೈರಾ ಏದುಸಿರು ಬಿಡುತ್ತಿದ್ದಳು. "ನಾವು ಮೂವರೂ ಈಗ್ಲೇ ಬಸ್ಸು ಹತ್ತೀವಿ. ನೀನು ಕಣ್ಣು ಬಿಡೋ ಹೊತ್ತಿಗೆ ಕೂಸು ಎದುರಿಗಿರುತ್ತೆ."

"ಆ ದಾರೀಲಾ... ನೀವಾ?"

"ಬೇರೆ ದಾರಿ ಎಲ್ಲಿದೆ? ಹೋಗು, ಬಾಗಿಲು ಹಾಕಿಬಿಡ್ತಾರೆ."

ಮೂರನೆಯ ದಿನ ಸಂಜೆ ವರ್ದಿಯಾಳಿಗೆ ಪೂರ್ತಿ ಎಚ್ಚರವಾಯಿತು. ಅಪ್ಪನಿಗೆ ಹಾಕಿದ ಕಿಡ್ನಿ ಕೆಲಸ ಮಾಡುತ್ತಿದೆ ಎಂದಳು ನರ್ಸ್. ಪಕ್ಕದ ಕುರ್ಚಿಯಲ್ಲಿ ಖೈರಾ, ಪಾದಗಳು ಬಾತುಕೊಂಡಿದ್ದವು. ಮಡಿಲಲ್ಲಿ ಸೆಲ್ಮಾ ನಿದ್ದೆಹೋಗಿದ್ದಳು.

ವರ್ದಿಯಾ ಕೈ ಚಾಚಿದಳು. ಖೈರಾ ಆ ಕೈಯನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡಳು.

"ಇನ್ ಸಲಾಹ್‌ನಲ್ಲಿ ಡ್ರೈವರ್‌ಗೆ ಕೇಳ್ಕೊಂಡೆ, ಬಸ್ಸು ನಿಲ್ಲಿಸ್ದ," ಎಂದಳು. "ಅವರ ಗೋರಿ ಹತ್ರ ಹೋಗಿ ಬಂದೆ ಮಗಳೇ."