ಒದ್ದೆ ಬಟ್ಟೆಗೆ ಹತ್ತಿದ ಬಣ್ಣ

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹಲ್ಲಿನ ಡಾಕ್ಟರೊಬ್ಬರು ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಅಪ್ಪಿಕೊಂಡು ಠಾಣೆಯ ಮೆಟ್ಟಿಲು ಹತ್ತಿದರು. ಇನ್‌ಸ್ಪೆಕ್ಟರು ಆಗಷ್ಟೇ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡಿದ್ದರು. ಮೂವತ್ತು ವರ್ಷದಿಂದ ದಿನದ ಕೆಲಸ ಶುರುವಾಗುವ ಮೊದಲು ದೇವರಲ್ಲಿ ಅವರು ಕೇಳಿಕೊಳ್ಳುತ್ತಿದ್ದದ್ದು ಒಂದೇ ಮಾತು: ತಪ್ಪು ಹೆಸರನ್ನು ನನ್ನ ಕೈಯಿಂದ ಬರೆಸಬೇಡ.

ಡಾಕ್ಟರು ಕೂತವರೇ ತಲೆ ತಗ್ಗಿಸಿದರು. ಹೊಸ ಕಾರಿಗೆಂದು ಕೂಡಿಟ್ಟ ಹಣವನ್ನೆಲ್ಲ ಹೆಂಡತಿಗೆ ಹೇಳದೆ ಒಂದು ಹಳೆಯ ಗಿಟಾರಿಗೆ ಸುರಿದಿದ್ದರು. ಅರವತ್ತು ವರ್ಷ ಹಿಂದಿನದೆಂದು ಕೊಂಡಿದ್ದರು. ಬಂದ ವಾರಕ್ಕೆ, ಧೂಳು ಒರೆಸೋಣವೆಂದು ಒದ್ದೆ ಬಟ್ಟೆ ಆಡಿಸಿದರೆ ಬಟ್ಟೆಯೆಲ್ಲ ಕಂದು. ಕೆಳಗೆ ಹಸೀ ಮರದ ಬಿಳುಪು.

ಕೊಂಡದ್ದು ಆನ್‌ಲೈನಿನಲ್ಲಿ. ಹಳೆಯ ಗಿಟಾರುಗಳ ಹುಚ್ಚಿರುವವರ ಒಂದು ಗ್ರೂಪು, ಸಾವಿರಾರು ಜನ. ಮಾರುವವರು ಫೋಟೋ ಹಾಕುತ್ತಾರೆ. 'ಭೂತಗನ್ನಡಿ' ಎಂದು ಎಲ್ಲರೂ ಕರೆಯುವ ಒಬ್ಬಾತ ಫೋಟೋಗಳನ್ನು ಹಿಗ್ಗಿಸಿ ನೋಡಿ, ಮರ ಬಿರಿದಿದೆಯೇ, ಕತ್ತು ಬಾಗಿದೆಯೇ, ಯಾವ ಭಾಗ ಮೊದಲಿನದು, ಯಾವುದು ಆಮೇಲೆ ಕೂರಿಸಿದ್ದು ಎಂದೆಲ್ಲ ವಿವರಿಸಿ ಬೆಲೆ ಹೇಳುತ್ತಾನೆ. ಅವನು ಹೇಳಿದ ಮೇಲೆ ಎರಡು ಮಾತಿಲ್ಲ. ಈ ಗಿಟಾರನ್ನು 'ಸೋದರಮಾವನ ಸ್ವತ್ತು' ಎಂದು ಯಾರೋ ಹೊಸಬ ಹಾಕಿದ್ದ; ಭೂತಗನ್ನಡಿ ಅಪ್ಪಟ ಅಸಲಿ ಎಂದು ಬರೆದಿದ್ದ. ಈಗ ಮಾರಿದವನ ಫೋನು ಸತ್ತುಹೋಗಿತ್ತು.

"ಗ್ರೂಪಲ್ಲಿ ಹೇಳಿದ್ರಾ?" ಎಂದರು ಇನ್‌ಸ್ಪೆಕ್ಟರು.

"ಇಲ್ಲ ಸಾರ್. ನಾಚಿಕೆ. ನೇರ ಇಲ್ಲಿಗೇ ಬಂದೆ."

ವಂಚನೆಯ ಎಫ್‌ಐಆರ್ ದಾಖಲಾಯಿತು. ಪಂಚರ ಮುಂದೆ ಪೆಟ್ಟಿಗೆ ತೆರೆದು ಪಂಚನಾಮೆ ಬರೆಯುವಾಗ, ಮಹಿಳಾ ಕಾನ್‌ಸ್ಟೇಬಲ್ ಒದ್ದೆ ಬಟ್ಟೆಯಿಂದ ಅಂಚಿನ ಒಂದು ಮೂಲೆಯನ್ನು ಒರೆಸಿದಳು. ದಫೇದಾರ ಬಟ್ಟೆಯನ್ನು ಮೂಗಿಗೆ ಹಿಡಿದ.

"ಚಹಾ ಡಿಕಾಕ್ಷನ್ ಸಾರ್. ಸಕ್ಕರೆ ಹಾಕಿಲ್ಲ."

ಯಾರೂ ನಗಲಿಲ್ಲವಾದ್ದರಿಂದ ಅವನೇ ಸಣ್ಣಗೆ ನಕ್ಕು, 'ಚಹಾದ ವಾಸನೆಯುಳ್ಳ ಕಂದು ಬಣ್ಣ' ಎಂದು ಬರೆದುಕೊಂಡ.

ಪಾರ್ಸೆಲ್ ಬಂದ ದಾರಿಯನ್ನು ಹಿಡಿದು ಹೋಗುವುದು ಕಷ್ಟವಾಗಲಿಲ್ಲ. ಬುಕ್ ಮಾಡಿದ ಕೊರಿಯರ್ ಅಂಗಡಿಯವನಿಗೆ ಚೆನ್ನಾಗಿ ನೆನಪಿತ್ತು. ಗಿಟಾರು ಕಳಿಸುವವರು ಸಾಮಾನ್ಯವಾಗಿ ಒನಕೆ ತಂದಂತೆ ತಂದು ಒಗೆಯುತ್ತಾರಂತೆ. ಇದನ್ನು ಮಾತ್ರ ತಂತಿಗಳನ್ನು ಸಡಿಲಿಸಿ, ಕೆಳಗೆ ಮೆತ್ತನೆಯ ಬಟ್ಟೆ ಮಡಿಸಿಟ್ಟು, ಹಸುಗೂಸಿನ ಹಾಗೆ ಸುತ್ತಿ ತಂದಿದ್ದರಂತೆ. ತಂದವನು ಆಟೋದವನು, ಅವನಿಗೆ ಕೊಟ್ಟವರ ಮುಖ ಮಾಸ್ಕಿನೊಳಗೆ ಮುಚ್ಚಿತ್ತು. ಆದರೆ ಅಂಗಡಿಯಿಂದ ಎರಡು ಬೀದಿ ದಾಟಿದರೆ ಭೂತಗನ್ನಡಿಯ ಮನೆ. ಮಾರಿದವನ ಫೋನಿನ ಸಿಮ್ಮಿನ ವಿವರ ಮಧ್ಯಾಹ್ನ ಬಂತು. ಅದು ಆ ಮನೆಯ ಯಜಮಾನನ ಹೆಸರಿನಲ್ಲಿತ್ತು. ಯಜಮಾನ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಣ ಹೋದ ಖಾತೆಯ ವಿವರ ಬ್ಯಾಂಕಿನಿಂದ ಇನ್ನೂ ಬರಬೇಕಿತ್ತು.

"ಮುಗೀತು ಸಾರ್," ಎಂದ ದಫೇದಾರ. "ಸತ್ತ ಅಪ್ಪನ ನಂಬರಿನಿಂದ ತಾನೇ ಮಾರೋದು, ಬೇರೆ ಹೆಸರಲ್ಲಿ ಬಂದು ತಾನೇ ಅಸಲಿ ಅನ್ನೋದು."

"ಮನೇಲಿ ಇನ್ನಾರಿದಾರೆ?"

"ಅವನಣ್ಣ. ಹಿಂದಿನ ಕೋಣೇಲಿ ರಿಪೇರಿ ಮಾಡ್ತಾನೆ. ಫೋನ್ ಕಂಡ್ರೆ ಮಾರು ದೂರ ಹೋಗ್ತಾನೆ ಅಂತಾರೆ."

ಠಾಣೆಯಿಂದ ಫೋನು ಹೋದ ಕೂಡಲೇ ಭೂತಗನ್ನಡಿ ತಾನಾಗಿಯೇ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಬಾಯಿ ಬಿಟ್ಟರೆ ನಿಲ್ಲದ ಮಾತು. ತನ್ನ ಹೆಸರು ಕೆಡುತ್ತದೆಂಬುದೊಂದೇ ಅವನ ಚಿಂತೆ. ಹತ್ತು ವರ್ಷ ಕಟ್ಟಿದ ನಂಬಿಕೆ ಒಂದು ಎಫ್‌ಐಆರಿಗೆ ಹೋಗಿಬಿಡುತ್ತದೆ ಎಂದ. ತಾನು ಸುಮ್ಮನೆ ಮೇಲಿನದನ್ನು ನೋಡಿ ಹೇಳುವವನಲ್ಲ. ಫೋನನ್ನು ಗಿಟಾರಿನ ದುಂಡು ರಂಧ್ರದೊಳಗೆ ಇಳಿಸಿ ಒಳಗಿನ ಫೋಟೋ ತೆಗೆಸುತ್ತೇನೆ ಎಂದು ವಿವರಿಸಿದ. ಮರದ ಹಲಗೆ ಬಾಗದಂತೆ ಒಳಗಡೆ ಅಂಟಿಸುವ ಪಟ್ಟಿಗಳಿರುತ್ತವೆ. ಹಳೇ ಕಾರ್ಖಾನೆಯಲ್ಲಿ ಅವನ್ನು ಯಂತ್ರದಲ್ಲಿ ಮೊಂಡಾಗಿ ಕತ್ತರಿಸಿ, ಅಂಟು ಸೋರಿದರೆ ಸೋರಲೆಂದು ಬಿಟ್ಟುಬಿಡುತ್ತಿದ್ದರು. ಈ ಗಿಟಾರಿನ ಫೋಟೋಗಳಲ್ಲಿ ಅದೆಲ್ಲ ಇತ್ತು. ಅದಕ್ಕೇ ಅಸಲಿ ಎಂದಿದ್ದ.

ಇನ್‌ಸ್ಪೆಕ್ಟರು ಗಿಟಾರನ್ನು ಮೇಜಿನ ಮೇಲಿಟ್ಟರು. "ಈಗ ಎದುರಿಗೇ ನೋಡಿ."

ಅವನು ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ರಂಧ್ರದೊಳಗೆ ಓರೆಯಾಗಿ ಹಿಡಿದು ಟಾರ್ಚು ಬಿಟ್ಟ. ಕನ್ನಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ಬಂದಾಗಿನಿಂದ ಪಟಪಟನೆ ಉದುರುತ್ತಿದ್ದ ಮಾತು ಅಲ್ಲಿಗೆ ಕಟ್ಟಿತು.

"ಏನು ಕಾಣ್ತು?"

ಅವನು ಕನ್ನಡಿಯನ್ನು ಒರೆಸಿ ಜೇಬಿಗಿಟ್ಟುಕೊಂಡ. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ನಾನೇ ಸಾರ್," ಎಂದ. "ನಾನೇ ಮಾಡಿ ಮಾರಿದ್ದು. ಬರ್ಕೊಳ್ಳಿ."

ದಫೇದಾರ ಪೆನ್ನು ತೆಗೆದ. ಇನ್‌ಸ್ಪೆಕ್ಟರು ಕೈ ಅಡ್ಡ ಹಿಡಿದರು. ಹೋದ ವರ್ಷ ಸ್ವಂತ ತಮ್ಮನನ್ನು ಮಣ್ಣು ಮಾಡಿ ಬಂದವರು ಅವರು. ಒಡಹುಟ್ಟಿದವರು ನೆನಪಾದಾಗ ಮನುಷ್ಯನ ಮುಖ ಹೇಗಾಗುತ್ತದೆಂಬುದು ಅವರಿಗೆ ಹೊಸದಲ್ಲ.

"ಮೇಲೆ ಏನು ಬಳಿದ್ರಿ?"

"ಲ್ಯಾಕರ್ ವಾರ್ನಿಶ್. ಹಳದಿ ಬೆರೆಸಿ."

"ನೀರಿಗೆ ಬಿಡತ್ತಾ?"

"ಲ್ಯಾಕರ್ ಎಲ್ಲಾದ್ರೂ ನೀರಿಗೆ ಬಿಡತ್ತಾ ಸಾರ್?"

ಮಹಿಳಾ ಕಾನ್‌ಸ್ಟೇಬಲ್ ಒದ್ದೆ ಬಟ್ಟೆ ತಂದು ಅವನೆದುರೇ ಒರೆಸಿ ತೋರಿಸಿದಳು. ಕಂದು ಹತ್ತಿದ ಬಟ್ಟೆಯನ್ನು ಅವನು ಬೆಪ್ಪನಂತೆ ನೋಡಿದ.

ಅವನನ್ನು ಬೆಂಚಿನ ಮೇಲೆ ಕೂರಿಸಿ ಇನ್‌ಸ್ಪೆಕ್ಟರು ಗಿಟಾರಿನೊಂದಿಗೆ ಜೀಪು ಹತ್ತಿದರು. ದಾರಿಯುದ್ದಕ್ಕೂ ಅವರನ್ನು ಒಂದೇ ಸಂಗತಿ ಕೊರೆಯುತ್ತಿತ್ತು. ಪ್ರಪಂಚದ ಕಣ್ಣಿಗೆ ಮಣ್ಣೆರಚಬಲ್ಲ ಕಸುಬು ಇದ್ದವನು, ಒಂದು ಹನಿ ನೀರಿಗೆ ಕರಗುವ ಚಹಾವನ್ನು ಮೇಲೆ ಯಾಕೆ ಬಳಿದ? ದುಡ್ಡಿನ ಆಸೆಯಿಂದ ಮಾಡಿದವನು ಸಿಕ್ಕಿಬೀಳದಂತೆ ನೋಡಿಕೊಳ್ಳುತ್ತಾನೆ. ಇದು ಸಿಕ್ಕಿಬೀಳಲೆಂದೇ ಮಾಡಿದಂತಿತ್ತು.

ಮನೆಯ ಮುಂದಿನ ಕೋಣೆಯಲ್ಲಿ ಒಳ್ಳೆಯ ದೀಪಗಳು, ತಿರುಗುವ ಕುರ್ಚಿ, ಗೋಡೆಯ ತುಂಬ ತಮ್ಮನಿಗೆ ಯಾರು ಯಾರೋ ಕಳಿಸಿದ ಅಭಿನಂದನೆಯ ಫ್ರೇಮುಗಳು. ಬೀದಿಗೆ ಕಾಣುವ ಬೋರ್ಡಿನಲ್ಲಿ 'ಭೂತಗನ್ನಡಿ' ಎಂದಷ್ಟೇ ಇತ್ತು. ಅಪ್ಪನ ಕಾಲದ ಬೋರ್ಡು ಹಿಂದಿನ ಕೋಣೆಯಲ್ಲಿ ಅಂಟಿನ ಡಬ್ಬಿಗಳನ್ನಿಡುವ ಹಲಗೆಯಾಗಿತ್ತು. ಅಲ್ಲಿ ಒಂದೇ ಕಿಟಕಿ. ಅದರ ಬೆಳಕಿಗೆ ಬೆನ್ನು ಬಾಗಿಸಿ, ಹುಬ್ಬಿನ ಮೇಲೆ ಮರದ ಹುಡಿ ಹೊತ್ತು, ಅಣ್ಣ ಉಳಿ ಮಸೆಯುತ್ತಿದ್ದ.

"ತಮ್ಮ ಊಟ ಮಾಡಿದ್ನಾ?" ಎಂದ, ತಲೆ ಎತ್ತದೆ.

"ಇಲ್ಲ. ನಾನೇ ಮಾರಿದ್ದು ಅಂತಿದಾನೆ. ಒಳಗೆ ಹಾಕ್ಬೇಕಾಗತ್ತೆ."

ಮಸೆಗಲ್ಲಿನ ಸದ್ದು ನಿಂತಿತು.

"ನೀವು ಬಲ್ಲವರು," ಎಂದು ಇನ್‌ಸ್ಪೆಕ್ಟರು ಮುಚ್ಚಿದ ಪೆಟ್ಟಿಗೆಯನ್ನು ಕೆಲಸದ ಮೇಜಿನ ಮೇಲಿಟ್ಟರು. "ಕೊಂಡ ಡಾಕ್ಟರು ಇದು ಸೌದೆಗೂ ಬೇಡ ಅಂತಿದಾರೆ. ಹೌದಾ?"

"ಸೌದೆ?" ಅಣ್ಣನ ದನಿ ಒಡೆಯಿತು. "ಹಲ್ಲು ಕೀಳೋನಿಗೆ ಏನು ಗೊತ್ತು? ಒಳಗೆ ಬೆರಳಾಡಿಸಿ ನೋಡೋಕೆ ಹೇಳಿ. ಒಂದು ಪಟ್ಟಿಯ ತುದಿ ಚುಚ್ಚಿದ್ರೆ ಕೇಳಿ."

"ಪೆಟ್ಟಿಗೆ ಇನ್ನೂ ತೆಗೆದೇ ಇಲ್ಲವಲ್ಲ."

ಅಣ್ಣ ಉಳಿಯನ್ನು ಅದರ ಜಾಗದಲ್ಲಿಟ್ಟ. ಕೈಯ ಹುಡಿಯನ್ನು ಒರೆಸಿಕೊಂಡ.

"ಮಾಡಿದ್ದು ನಾನೇ."

"ಒಳಗೆ ಇಷ್ಟು ಚಂದ ಮಾಡಿದವರು ಮೇಲೆ ಚಹಾ ಯಾಕೆ ಬಳಿದ್ರಿ?"

"ಗೊತ್ತಾಗ್ಲಿ ಅಂತ. ಗೊತ್ತಾಗದಿದ್ರೆ ಅವನು ತಪ್ಪಿದ್ದು ಯಾರಿಗೆ ತಿಳಿಯುತ್ತೆ?"

ಉಳಿದದ್ದನ್ನು ಅವನು ಎಳೆ ಎಳೆಯಾಗಿ ಹೇಳಿದ. ಹೋದ ವರ್ಷ ನಿಜವಾದ ಹಳೆಯ ಗಿಟಾರೊಂದು ರಿಪೇರಿಗೆ ಬಂದಿತ್ತು. ತಮ್ಮನಿಲ್ಲದಾಗ, ಅಪ್ಪನ ಹಳೇ ಫೋನನ್ನು ಅದರೊಳಗಿಳಿಸಿ ಫೋಟೋ ತೆಗೆದಿಟ್ಟುಕೊಂಡ. ಆಮೇಲೆ ಅದರ ತದ್ವತ್ತನ್ನು ತಾನೇ ಮಾಡಿದ. ಗ್ರೂಪಿಗೆ ಹಾಕಿದ್ದು ಹೊರಗಿನ ಫೋಟೋ ತನ್ನದರದು, ಒಳಗಿನದು ಆ ಅಸಲಿಯದು. ತನ್ನ ಗಿಟಾರಿನೊಳಗೂ ಕಾರ್ಖಾನೆಯವರಂತೆ ಮೊಂಡು ಪಟ್ಟಿ ಅಂಟಿಸಿ ಸುಮ್ಮನಾಗಬಹುದಿತ್ತು, ಕೈ ಕೇಳಲಿಲ್ಲ. ಅಪ್ಪ ಕಲಿಸಿದಂತೆ ಪ್ರತಿ ತುದಿಯನ್ನೂ ಮೀನಿನ ಬಾಲದ ಹಾಗೆ ತೆಳ್ಳಗೆ ಇಳಿಸಿದ್ದ. ಕನ್ನಡಿಯಲ್ಲಿ ತಮ್ಮ ಕಂಡದ್ದು ಅದನ್ನು. ಆ ಕೈ ತಮ್ಮನಿಗೆ ಬಂದಿರಲಿಲ್ಲ. ಅಪ್ಪ ಇಬ್ಬರಿಗೂ ಕಲಿಸಿದ್ದ. ಒಬ್ಬನಿಗೆ ಕೈ ಬಂತು, ಇನ್ನೊಬ್ಬನಿಗೆ ಬಾಯಿ.

ಡಾಕ್ಟರು ಗ್ರೂಪಿನಲ್ಲಿ ಬೊಬ್ಬೆ ಹಾಕುತ್ತಾರೆ, ಸಾವಿರಾರು ಜನರ ಮುಂದೆ ತಮ್ಮನ ಮುಖ ಕಪ್ಪಾಗುತ್ತದೆ, ಆಮೇಲೆ ಹಣ ವಾಪಸ್ಸು ಕಳಿಸಿದರಾಯಿತು ಎಂದುಕೊಂಡಿದ್ದ. ಪೊಲೀಸರು ಬರುವ ಲೆಕ್ಕ ಅವನ ತಲೆಯಲ್ಲಿರಲಿಲ್ಲ. ಹಣ ಬಂದದ್ದು ಅಪ್ಪನ ಜೊತೆ ಅವನು ತೆರೆದಿದ್ದ ಬ್ಯಾಂಕ್ ಖಾತೆಗೆ. ಅದರಲ್ಲಿ ಬಿಡಿಗಾಸೂ ಕದಲಿರಲಿಲ್ಲ.

"ತಮ್ಮನ್ನ ಠಾಣೆಗೆ ಕರೆಸಿದಾಗ್ಲೂ ಸುಮ್ಮನೆ ಕೂತಿದ್ರಲ್ಲ."

ಅಣ್ಣ ಕಿಟಕಿಯ ಕಡೆ ನೋಡಿದ. "ಮೊದಲು ಖುಷಿಯಾಯ್ತು ಸಾರ್. ಸುಳ್ಳು ಯಾಕೆ ಹೇಳ್ಲಿ. ಹೊತ್ತಾದ್ರೂ ಅವನು ಬರದಿದ್ದಾಗ ಕೈ ಓಡ್ಲಿಲ್ಲ."

ಶುರುವಾದದ್ದು ಯಾವಾಗ ಎಂದು ಕೇಳಿದ್ದಕ್ಕೆ ಅವನು ತಡಮಾಡದೆ ಹೇಳಿದ. ಒಬ್ಬ ಗಿರಾಕಿ ಮುಂದಿನ ಕೋಣೆಯಲ್ಲಿ ತಮ್ಮನ ಜೊತೆ ಫೋಟೋ ತೆಗೆಸಿಕೊಂಡು, ಹಿಂದಿನ ಕೋಣೆಗೆ ಇಣುಕಿ, ನೀವು ಅವರ ಹೆಲ್ಪರ್ರಾ ಎಂದು ಕೇಳಿದ್ದ. ಆ ಗಿರಾಕಿಯ ಗಿಟಾರಿನ ಮುರಿದ ಕತ್ತನ್ನು ಕೂಡಿಸಿದ್ದು ಅಣ್ಣ. ತಮ್ಮ ಅಲ್ಲೇ ನಿಂತಿದ್ದ, ಅಲ್ಲ ಎನ್ನಲಿಲ್ಲ. ನಕ್ಕ. ಅಂದಿನಿಂದ ತಮ್ಮ ಮುಂದಿನ ಕೋಣೆಯಲ್ಲಿ ನಕ್ಕಾಗಲೆಲ್ಲ ಅಣ್ಣನ ಹೊಟ್ಟೆಯೊಳಗೆ ಕೆಂಡ ಕೆದಕಿದಂತಾಗುತ್ತಿತ್ತು.

ಸಂಜೆ ಐದೂವರೆಗೆ ಅಣ್ಣನ ಬಂಧನವಾಯಿತು. ಅಪ್ಪನ ಫೋನನ್ನು ಪಂಚರ ಮುಂದೆ ವಶಪಡಿಸಿಕೊಂಡು, ಖಾತೆಯನ್ನು ತಡೆಹಿಡಿಯುವಂತೆ ಬ್ಯಾಂಕಿಗೆ ಪತ್ರ ಹೋಯಿತು. ಠಾಣೆಯಲ್ಲಿ ತಮ್ಮನನ್ನು ಬಿಟ್ಟುಕಳಿಸಲು ಹೇಳಿದರೂ ಅವನು ಬೆಂಚು ಬಿಟ್ಟು ಏಳಲಿಲ್ಲ. ವಶಪಡಿಸಿಕೊಂಡ ಸ್ವತ್ತಿಗೆ ಅಂದಾಜು ಬೆಲೆ ಬರೆಯಬೇಕೆಂದು ದಫೇದಾರ ಪೆನ್ನು ಕಚ್ಚುತ್ತ ಕೂತಿದ್ದ. ಪರಿಣತರ ವರದಿ ಆಮೇಲೆ ಬರುವುದೇ ಇತ್ತು. ಆದರೂ ಇನ್‌ಸ್ಪೆಕ್ಟರು ತಮ್ಮನ ಕಡೆ ತಿರುಗಿದರು.

"ನೀವೇನಂತೀರಿ?"

ತಮ್ಮ ದೂರದಿಂದಲೇ ಗಿಟಾರನ್ನು ನೋಡಿದ. "ಹಳೇದಲ್ಲ, ಹೊಸದು. ಒಳಗಿನ ಕೆಲಸ ಇಷ್ಟು ನಾಜೂಕಾಗಿ ಯಾವುದರಲ್ಲೂ ಕಂಡಿಲ್ಲ. ಡಾಕ್ಟರು ಕೊಟ್ಟಿದ್ದರಲ್ಲಿ ಅರ್ಧ ಬರ್ಕೊಳ್ಳಿ."

ಸರಳಿನ ಹಿಂದಿನಿಂದ ಅಣ್ಣ ಹೇಳಿದ, "ಬಾರಿಸಿಯೇ ನೋಡಿಲ್ಲ. ಬೆಲೆ ಹೇಳ್ತಿದಾನೆ."

ತಮ್ಮ ಎದ್ದು ಬಂದ. ಇನ್‌ಸ್ಪೆಕ್ಟರು ಬೇಡವೆನ್ನಲಿಲ್ಲ. ಸಡಿಲಾಗಿದ್ದ ತಂತಿಗಳನ್ನು ಒಂದೊಂದಾಗಿ ಬಿಗಿದು, ಆರನ್ನೂ ಒಮ್ಮೆಗೇ ಮೀಟಿದ. ಹೊರಗೆ ಪಹರೆಯಲ್ಲಿದ್ದವನು ಒಳಗೆ ಇಣುಕಿದ. ನಾದ ಆರುವವರೆಗೆ ತಮ್ಮ ಅಂಗೈಯನ್ನು ಮರದ ಮೇಲೆ ಇಟ್ಟುಕೊಂಡೇ ಇದ್ದ.

"ಪೂರ್ತಿ ಬರ್ಕೊಳ್ಳಿ ಸಾರ್," ಎಂದ. ಆಮೇಲೆ ಸರಳಿನ ಹತ್ತಿರ ಹೋಗಿ, "ನಾನು ತಪ್ಪು ಹೇಳಿದೆ ಅಣ್ಣ," ಎಂದ.

ಒಂದು ವರ್ಷದಿಂದ ಅಣ್ಣ ಕೇಳಬೇಕೆಂದು ಕಾದಿದ್ದ ಮಾತು ಅದು. ಅವನು ಅದನ್ನು ಕೇಳಿಸಿಕೊಂಡ. ಕಣ್ಣಲ್ಲಿ ನೀರು ತುಂಬಿತು. ಆದರೂ ಬಾಯಿಂದ ಬಂದದ್ದು ಬೇರೆ.

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳಿಸ್ತು?"

ಕೇಸ್ ಡೈರಿಯಲ್ಲಿ, ಕೃತ್ಯದ ಕಾರಣವೆಂಬಲ್ಲಿ ದಫೇದಾರ 'ಹಣದಾಸೆ' ಎಂದು ಬರೆದಿದ್ದ. ಇನ್‌ಸ್ಪೆಕ್ಟರು ಅದನ್ನು ಹೊಡೆದುಹಾಕಿ ಸಹಿ ಮಾಡಿ, ಕೆಳಗೆ ಸ್ವಂತ ಕೈಯಿಂದಲೇ ಬರೆದರು: ಆರೋಪಿಗೆ ಹಣದ ಅವಶ್ಯಕತೆ ಇರಲಿಲ್ಲ. ಒಂದೇ ಮನೆಯಲ್ಲಿ, ಒಂದು ಗೋಡೆಯ ಆಚೆ, ತನ್ನ ತಮ್ಮನನ್ನು ಜನ ಹೊಗಳುವುದನ್ನು ಅವನು ದಿನವೂ ಕೇಳಿಸಿಕೊಳ್ಳುತ್ತಿದ್ದ.