ಫ್ಯೂಸ್ ಹಿಡಿದು ನಿಂತವಳು

“ಹಿಡೀರಿ ಮೇಡಂ, ಇದು ನನ್ನ ಜೀವ!”

ಸಂಘಮಿತ್ರಾ ಬೆಚ್ಚಿ ಹಿಂದೆ ಸರಿದಳು. ಮನೆಗೆ ಬಂದು ಇನ್ನೂ ನೀರು ಕೂಡ ಕುಡಿದಿಲ್ಲ, ಈ ಮನುಷ್ಯ ಜೀವವನ್ನೇ ಕೊಡುತ್ತಿದ್ದಾನಲ್ಲ!

ಅವನ ಅಂಗೈಯಲ್ಲಿ ಇದ್ದದ್ದು ಬಿಳಿ ಪಿಂಗಾಣಿಯ ಫ್ಯೂಸ್. ಈಗಷ್ಟೇ ಮೇನ್ ಬೋರ್ಡಿನಿಂದ ಕಿತ್ತಿದ್ದ.

“ಅಲ್ಲೇ ಕಪಾಟಿನ ಮ್ಯಾಲ ಇಡ್ರಿ,” ಎಂದಳು ಬಿಗಿಯಾಗಿ.

“ಕಪಾಟಿನ ಮ್ಯಾಲ ಇಟ್ರ ಯಾರರ ಬಂದು, ಕರೆಂಟ್ ಹೋಗೈತಿ ಅಂತ ತಿಳದು ಹಾಕಿಬಿಡ್ತಾರ. ಆಮ್ಯಾಲ ನಾ ಗ್ವಾಡಿಗೆ ಅಂಟಿಕೊಂಡು ನಿಂತಿರ್ತೇನಿ! ಮನ್ಯಾಗಿನವರು ಒಬ್ರು ಕೈಯಾಗ ಹಿಡ್ಕೊಂಡು ನಿಂದ್ರಬೇಕು. ನನ್ನ ಪದ್ಧತಿ ಹಂಗೈತ್ರಿ.”

“ನಿಮ್ಮ ಕಿಸೆದಾಗ ಇಟ್ಕೊಳ್ರಿ ಮತ್ತ!”

“ಕಿಸೆ ಹರದೈತ್ರಿ,” ಎಂದು ಅವನು ನಕ್ಕ.

ವನದುರ್ಗದ ಶಾಲೆಯಲ್ಲಿ ಒಂದೇ ನೋಟಕ್ಕೆ ತರಗತಿಯನ್ನು ತೆಪ್ಪಗಾಗಿಸುವ ಟೀಚರಮ್ಮ, ಒಂದು ಫ್ಯೂಸ್ ಹಿಡಿಯುವಾಗ ನಡುಗಿದಳು ಅಂದರೆ ನಂಬುತ್ತೀರಾ? ನಂಬಲೇಬೇಕು. ಅವನ ಬೆರಳು ಅವಳ ಅಂಗೈಗೆ ತಾಕಿತ್ತು.

ಇದಕ್ಕೆಲ್ಲ ಕಾರಣ ಅವಳೇ. ಶಹಾಪುರದ ಮನೆಯಲ್ಲಿ ಅವ್ವ ದೇವಕಮ್ಮ, ಅಣ್ಣ ದೇವಿಂದ್ರ ಮತ್ತು ಅವಳು. ಫೋನು ಮೂರು, ಪ್ಲಗ್ಗು ಒಂದು, ಸಂಜೆಯಾದರೆ ಕಿತ್ತಾಟ. ಜೊತೆಗಾರ್ತಿ ಆಮೀನಾ ಟೀಚರ್ ಮನೆಯಲ್ಲಿ ಯುಎಸ್‌ಬಿ ಸಾಕೆಟ್ಟು ನೋಡಿ ಬಂದಿದ್ದಳು. ಚಾರ್ಜರೇ ಬೇಡ, ಕೇಬಲ್ಲನ್ನು ಸೀದಾ ಗೋಡೆಗೆ ಚುಚ್ಚಿದರಾಯಿತು! ಕೋಣೆಗೊಂದು ಹಾಕಿಸೋಣ ಎಂದು ಹಠ ಹಿಡಿದಳು. ಶಹಾಪುರದ ಎಲೆಕ್ಟ್ರಿಕ್ ಅಂಗಡಿಯ ಗಯಾಸ ಭಾಯಿ ಕಳಿಸಿದ್ದು ಸುರಪುರದ ಈ ಬಸಲಿಂಗನನ್ನು.

ಮನೆ ಹಳೆಯದು, ಗೋಡೆ ಕಲ್ಲಿನದು. ಒಂದು ಡಬ್ಬಿ ಕೂರಿಸಲು ಉಳಿ ಹಿಡಿದು ಅರ್ಧ ದಿನ ಕುಟ್ಟಬೇಕು. ಹೀಗಾಗಿ ಬೇಗ ಮುಗಿಯಬೇಕಿದ್ದ ಕೆಲಸ ವಾರಕ್ಕೆ ಎಳೆಯಿತು. ಆ ಕಲ್ಲಿಗೆ ಪುಣ್ಯ ಬರಲಿ!

ಒಳಕೋಣೆಯಿಂದ ಅವನು ಕೂಗುತ್ತಿದ್ದ. “ಮೇಡಂ, ಕೈಯಾಗ ಐತಿ?”

ಪಡಸಾಲೆಯ ಮೇನ್ ಬೋರ್ಡಿನ ಕೆಳಗೆ ನಿಂತ ಅವಳು, “ಐತ್ರಿ!” ಎನ್ನುತ್ತಿದ್ದಳು.

ಕಲ್ಲು ಕುಟ್ಟುವುದಕ್ಕೆ ಫ್ಯೂಸ್ ಕೀಳುವ ಅಗತ್ಯವೇ ಇಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಹೊಳೆದ ಮೇಲೂ ಸುಮ್ಮನೆ ಹಿಡಿದು ನಿಂತಳು. ಬೇಸಿಗೆ ರಜೆ, ಸುಡುವ ಬಿಸಿಲು, ಫ್ಯಾನ್ ಇಲ್ಲ. ಅಂಗೈ ಬೆವರಿ ಫ್ಯೂಸ್ ಜಾರುತ್ತಿತ್ತು. ಅವಳು ಮುಷ್ಟಿ ಬಿಗಿ ಮಾಡುತ್ತಿದ್ದಳು.

ದೇವಕಮ್ಮನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

“ಮಿತ್ರಾ, ಆ ಹುಡುಗ ಭಾಳ ಚಲೋ ನಗ್ತಾನ. ಅವನ ಮನಿಯವರು ನಗಂಗಿಲ್ಲ. ನಮ್ಮ ಓಣಿ ಬ್ಯಾರೆ, ಅವರ ಓಣಿ ಬ್ಯಾರೆ. ನಾಳೆ ನಿನ್ನ ಯಾವ ಬಾಗಿಲಿಂದ ಒಳಗ ಕರೀತಾರ, ಯೋಚನಿ ಮಾಡಿಯೇನು?”

ಅವಳು ತಲೆಯೆತ್ತಿ ನೋಡಿದಳು. ಪಡಸಾಲೆಯ ಗೋಡೆಯ ಮೇಲಿನ ಬುದ್ಧನೂ ಕಣ್ಣು ಮುಚ್ಚಿ ಕೂತಿದ್ದ.

ಕೊನೆಯ ಸಾಕೆಟ್ಟು ಅವಳದೇ ಕೋಣೆಯದು. ಅಂದು ಬಸಲಿಂಗ ಫ್ಯೂಸ್ ಕೊಡುವಾಗ ನಗಲಿಲ್ಲ.

“ಇವತ್ತು ಕೆಲಸ ಮುಗೀತದ್ರಿ. ಮುಗದ ಮ್ಯಾಲ ನಿಮಗೊಂದು ಮಾತು ಕೇಳೋದೈತಿ.”

“ಈಗ ಕೇಳ್ರಿ…”

“ಇಲ್ರಿ. ಮೊದಲು ದೀಪ ಹತ್ತಲಿ.”

ಅವನು ಒಳಗೆ ಹೋಗಿ ಟೆಸ್ಟರ್ ಇಟ್ಟು ನೋಡಿ, ಸ್ಟೂಲ್ ಹತ್ತಿ, ಛಾವಣಿಯ ಹತ್ತಿರದ ಜಂಕ್ಷನ್ ಡಬ್ಬಿಗೆ ಕೈ ಹಾಕಿದ. ಪಡಸಾಲೆಯಲ್ಲಿ ಅವಳು ಫ್ಯೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಏನು ಕೇಳಬಹುದು? ನಾನು ಏನು ಹೇಳಲಿ?

“ಕೈಯಾಗ ಐತಿ?”

“ಐತ್ರಿ!”

ಅದೇ ಹೊತ್ತಿಗೆ ದೇವಿಂದ್ರ ರಿಪೇರಿ ಮಾಡಿಸಿದ ಬ್ಯಾಟರಿ ಹೊತ್ತು ಹಿತ್ತಲ ಬಾಗಿಲಿಂದ ಬಂದ. ಅದಿಲ್ಲದೆ ಹಿತ್ತಲ ಕೋಣೆಯ ಇನ್ವರ್ಟರ್ ಇಷ್ಟು ದಿನ ಸುಮ್ಮನೆ ಕೂತಿತ್ತು. ಮೈಯೆಲ್ಲ ಬೆವರು, ಮನೆಯಲ್ಲಿ ಕರೆಂಟ್ ಇಲ್ಲ. ಬ್ಯಾಟರಿ ಜೋಡಿಸಿದ, ಒಂದು ಮಾತು ಕೇಳದೆ ಸ್ವಿಚ್ ಒತ್ತಿದ. ಹಿಂದಿನ ಬೇಸಿಗೆಯಲ್ಲಿ ತಂಗಿಯ ಕೋಣೆಯ ಫ್ಯಾನಿಗೆಂದು ತಾನೇ ಆ ಇನ್ವರ್ಟರಿನಿಂದ ಅದೇ ಜಂಕ್ಷನ್ ಡಬ್ಬಿಗೆ ವೈರ್ ಎಳೆದದ್ದು ಅವನಿಗೆ ನೆನಪೇ ಇರಲಿಲ್ಲ.

ಇನ್ವರ್ಟರ್ ‘ಕೀಂ’ ಎಂದಿತು.

ಒಳಗಿನಿಂದ ಬಂದದ್ದು ಚೀರಾಟ. ಆಮೇಲೆ ಪರಸಿ ಕಲ್ಲಿನ ನೆಲಕ್ಕೆ ಮೈ ಅಪ್ಪಳಿಸಿದ ಸದ್ದು…

ಸಂಘಮಿತ್ರಾ ಓಡಿದಳು. ಬಸಲಿಂಗ ಬಲ ಮೊಣಕೈ ಅಡಿಯಾಗಿ ಬಿದ್ದಿದ್ದ, ಎಚ್ಚರವಿರಲಿಲ್ಲ. ಅವಳ ಮುಷ್ಟಿಯಲ್ಲಿ ಫ್ಯೂಸ್ ಹಾಗೇ ಇತ್ತು.

ಆಸ್ಪತ್ರೆಯ ಅಂಗಳದಲ್ಲಿ ಸುರಪುರದಿಂದ ಬಂದ ಅವನ ಕಡೆಯವರು ಕೂಗಾಡುತ್ತಿದ್ದರು. “ಯಾರು ಲೈನ್ ಹಾಕಿದ್ದು? ಹೆಸರು ಹೇಳ್ರಿ, ಠಾಣೆಗೆ ಹೋಗ್ತೇವಿ!”

ದೇವಕಮ್ಮ ಮಗಳ ಕೈ ಹಿಡಿದು ಮೂಲೆಗೆ ಎಳೆದಳು.

“ನಿಮ್ಮಣ್ಣ ದೇವ್ಯಾನ ನೌಕರಿ ಇನ್ನ ಪಕ್ಕಾ ಆಗಿಲ್ಲವ್ವಾ. ಕೇಸ್ ಬಿದ್ರ ಹೋಗೇಬಿಡ್ತದ. ಹೆಣ್ಮಗಳು ಗೊತ್ತಿಲ್ಲದ ಮಾಡ್ಯಾಳ ಅಂದ್ರ ಬಿಟ್ಟುಬಿಡ್ತಾರ. ನಿನ್ನ ಕಾಲಿಗೆ ಬೀಳ್ತೀನಿ…”

ಹೆತ್ತವಳು ನಿಜವಾಗಿಯೂ ಬಾಗಿದಳು. ಸಂಘಮಿತ್ರಾ ಅವಳನ್ನು ಹಿಡಿದೆತ್ತಿದಳು. ಆಮೇಲೆ ಎಲ್ಲರ ಮುಂದೆ, ವಾರ್ಡಿನ ಬಾಗಿಲಲ್ಲೇ ನಿಂತು ಹೇಳಿದಳು.

“ತಪ್ಪು ನಂದು. ಮರತು ಫ್ಯೂಸ್ ನಾನ ಹಾಕಿದೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಪರದೆಯ ಆಚೆ ಬಸಲಿಂಗನಿಗೆ ಆಗಲೇ ಎಚ್ಚರವಾಗಿತ್ತು. ಅವನು ಅವಳನ್ನು ನೋಡಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಕೇಸ್ ಆಗಲಿಲ್ಲ. ಆದರೆ ಮೊಣಕೈಯ ನರ ಹೋಗಿತ್ತು. ಬಲಗೈಗೆ ಇನ್ನು ಹಿಡಿತ ಬರುವುದಿಲ್ಲ, ಬೆರಳಿಗೆ ಸ್ಪರ್ಶವೂ ತಿಳಿಯುವುದಿಲ್ಲ ಎಂದರು ಡಾಕ್ಟರು.

ಒಂದು ವರ್ಷ ಉರುಳಿತು. ದೇವಿಂದ್ರನ ನೌಕರಿ ಪಕ್ಕಾ ಆಯಿತು. ಬಸಲಿಂಗ ಗಯಾಸ ಭಾಯಿಯ ಅಂಗಡಿಯಲ್ಲಿ ಬಲ್ಬು ಮಾರುತ್ತಾನೆ ಎಂದು ಯಾರೋ ಹೇಳಿದರು. ಶಾಲೆಯ ಬಸ್ಸು ಆ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಅವಳು ಯಾವತ್ತೂ ಆ ಕಡೆಯ ಸೀಟಿನಲ್ಲಿ ಕೂರಲಿಲ್ಲ. ಏನೆಂದು ಮುಖ ತೋರಿಸುವುದು? ‘ನಾನು ಕೈ ಬಿಡಲಿಲ್ಲ’ ಎಂದು ಹೇಳಬೇಕು. ಹೇಳಿದರೆ ಅಣ್ಣ ಸಿಕ್ಕಿಬೀಳುತ್ತಾನೆ. ಹೇಳದಿದ್ದರೆ ಅವನ ಲೆಕ್ಕದಲ್ಲಿ ತಾನೇ ಅವನ ಕೈ ತಿಂದವಳು…

ಅವಳ ಕೋಣೆಯ ಗೋಡೆಯಲ್ಲಿ ಖಾಲಿ ಡಬ್ಬಿ ಬಾಯಿ ತೆರೆದೇ ಇತ್ತು, ಒಳಗೆ ಟೇಪು ಸುತ್ತಿದ ವೈರುಗಳು. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದಳು. ಬೇರೆ ಕೋಣೆಯ ಸಾಕೆಟ್ಟುಗಳಿಗೂ ಅವಳು ತನ್ನ ಫೋನು ಚುಚ್ಚಲಿಲ್ಲ, ಶಾಲೆಯಲ್ಲೇ ಚಾರ್ಜ್ ಮಾಡಿಕೊಂಡು ಬರುತ್ತಿದ್ದಳು. ಶಿರವಾಳದ ಕಡೆಯ ಸಂಬಂಧ ಬಂದಾಗ ಗಂಡಿನ ಫೋಟೋವನ್ನೂ ಸರಿಯಾಗಿ ನೋಡದೆ “ಹೂಂ” ಎಂದಳು. ಬದುಕಿನಲ್ಲಿ ಇನ್ನು ಯಾವುದಕ್ಕೆ ಹೂಂ ಅಂದರೇನು, ಉಹೂಂ ಅಂದರೇನು!

ನಾಳೆ ನಿಶ್ಚಯ ಅನ್ನುವಾಗ ದೇವಿಂದ್ರನಿಗೆ ಆ ಡಬ್ಬಿ ಕಣ್ಣಿಗೆ ಬಿತ್ತು. “ಬೀಗರು ಬಂದ್ರ ಚಂದ ಕಾಣಂಗಿಲ್ಲ,” ಎಂದು ಅಂಗಡಿಗೆ ಫೋನ್ ಮಾಡಿದ.

ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದವನು ಬಸಲಿಂಗ!

ಎಡಗೈಯಲ್ಲಿ ಸಾಮಾನಿನ ಚೀಲ. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಸಂಘಮಿತ್ರಾ ಬಾಗಿಲ ಚೌಕಟ್ಟು ಹಿಡಿದಳು.

“ನೀವು… ನೀವ್ಯಾಕ ಬಂದ್ರಿ?”

“ಬ್ಯಾರೆ ಯಾರೂ ಖಾಲಿ ಇರಲಿಲ್ರಿ. ಮತ್ತ ಅರ್ಧಕ್ಕ ಬಿಟ್ಟ ಕೆಲಸ ನಂದು. ಆದ್ರ ಸ್ಕ್ರೂ ತಿರುವಾಕ ನನ್ನ ಕೈ ಬರಂಗಿಲ್ಲ. ನಾ ಹೇಳ್ತೇನಿ, ನೀವು ಮಾಡ್ರಿ.”

ಎಂಥ ವಿಧಿ! ತನ್ನ ನಿಶ್ಚಯದ ಮನೆಯನ್ನು ಇವನಿಂದಲೇ ಸಿಂಗರಿಸಬೇಕೇ? ಅವಳು ಕಣ್ಣೀರು ನುಂಗಿದಳು.

ಅವನು ಒಳಗೆ ನಡೆದ. ಮೇನ್ ಬೋರ್ಡಿನತ್ತ ಅಲ್ಲ… ಮೊದಲು ಹಿತ್ತಲ ಕೋಣೆಯ ಇನ್ವರ್ಟರಿನ ಹತ್ತಿರ ಹೋದ. ಸ್ವಿಚ್ ಆರಿಸಿದ, ಎಡಗೈಯಲ್ಲೇ ಬ್ಯಾಟರಿಯ ವೈರ್ ಬಿಚ್ಚಿದ. ಆಮೇಲೆ ಪಡಸಾಲೆಗೆ ಬಂದು ಫ್ಯೂಸ್ ಕಿತ್ತ.

ಅವನ ಹಿಂದೆಯೇ ನಡೆದು ಎಲ್ಲ ನೋಡಿದ ಸಂಘಮಿತ್ರಾ ಅಲ್ಲೇ ನಿಂತುಬಿಟ್ಟಳು.

“ನಿಮಗ… ಗೊತ್ತಿತ್ತಾ?”

“ಕೀಂ ಅಂದದ್ದು ಕೇಳಿಸಿತ್ರಿ. ಅದರ ಮ್ಯಾಲ ಶಾಕ್ ಹೊಡೀತು. ಫ್ಯೂಸ್ ನಿಮ್ಮ ಕೈಯಾಗ ಇತ್ತು ಅಂತ ನನಗ ಅವತ್ತ ಗೊತ್ತು.”

“ಮತ್ತ ಯಾಕ ಸುಮ್ಮನಾದ್ರಿ? ಒಂದು ವರ್ಷ! ಒಂದು ಮಾತರ ಹೇಳಬಾರದಿತ್ತೇನು? ಒಂದು ವರ್ಷ ನಾ ಸತ್ತು ಸತ್ತು ಬದುಕೀನಿ!”

ಅವನ ಧ್ವನಿ ಸಣ್ಣಗಾಯಿತು. “ನೀವು ಬಾಗಿಲದಾಗ ನಿಂತು ತಪ್ಪು ನಂದು ಅಂದ್ರಿ. ಮಾಡದ ತಪ್ಪು ಯಾಕ ಹೊತ್ಕೊಂಡ್ರಿ? ನಾ ಕೇಳಬೇಕಂದಿದ್ದ ಮಾತು ನಿಮಗ ತಿಳದಿತ್ತು. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ, ನಾನ ಸಿಟ್ಟಿಗೆದ್ದು ದೂರ ಹೋಗ್ಲಿ ಅಂತ ಹೇಳೀರಿ ಅನ್ಕೊಂಡೆ. ಕುಂಟುಗೈ ಇಟ್ಕೊಂಡು ಬಂದು ಕಾಡಬಾರದು ಅನ್ಕೊಂಡೆ.”

“ಅಯ್ಯೋ… ಅದು ಅಣ್ಣನ ಸಲುವಾಗಿ! ಅವ್ವ ನನ್ನ ಕಾಲು ಹಿಡಿಯಾಕ ಬಂದ್ಲು!”

ಒಬ್ಬರ ಒಳ್ಳೆಯತನವೇ ಇನ್ನೊಬ್ಬರಿಗೆ ಮುಳ್ಳಾಗಿ ಒಂದು ವರ್ಷ ಹೋಗಿತ್ತು. ಈಗ ತಿಳಿದು ಏನು ಬಂತು? ನಾಳೆ ನಿಶ್ಚಯ.

“ನಡೀರಿ,” ಎಂದ ಬಸಲಿಂಗ. “ಕೆಲಸ ಮುಗಸೋಣು.”

ಕ್ಯಾಲೆಂಡರ್ ತೆಗೆದು ಅವಳು ಡಬ್ಬಿಯ ಮುಂದೆ ಕೂತಳು. ಅವನು ಪಡಸಾಲೆಯಲ್ಲಿ ಮೇನ್ ಬೋರ್ಡಿನ ಕೆಳಗೆ ನಿಂತು, ಅಲ್ಲಿಂದಲೇ ಹೇಳತೊಡಗಿದ. ಟೇಪು ಬಿಚ್ರಿ. ಕೆಂಪು ವೈರ್ ಎಲ್ ಅಂತ ಬರದ ಕಡೆ. ಕರೇದು ಎನ್ ಅಂತ ಬರದ ಕಡೆ.

ತಾಮ್ರ ಮುಟ್ಟುವ ಮೊದಲು ಅವಳು ಕೂಗಿದಳು. “ಕೈಯಾಗ ಐತಿ?”

ಅತ್ತಲಿಂದ ಉತ್ತರ ಬರಲು ತಡವಾಯಿತು.

“ಐತ್ರಿ…”

ಅವಳು ಬರಿಗೈಯಲ್ಲಿ ವೈರ್ ಹಿಡಿದಳು. ಭಯವಾಗಲಿಲ್ಲ. ಕಣ್ಣೀರಿನಲ್ಲಿ ಸ್ಕ್ರೂ ಕಾಣದೆ ಮತ್ತೆ ಮತ್ತೆ ಜಾರಿತು, ಅಷ್ಟೇ.

ಫ್ಯೂಸ್ ಹಾಕಿದ ಕೂಡಲೇ ಸಾಕೆಟ್ಟಿನ ಸಣ್ಣ ನೀಲಿ ದೀಪ ಹೊತ್ತಿತು. ಅವಳು ತನ್ನ ಫೋನಿಗೆ ಕೇಬಲ್ ಚುಚ್ಚಿದಳು. ಚಾರ್ಜ್ ಆಗತೊಡಗಿತು.

“ದೀಪ ಹತ್ತೈತ್ರಿ,” ಎಂದಳು, ಹಿಂದೆ ಬಂದು ನಿಂತವನಿಗೆ. “ಅವತ್ತಿನ ಮಾತು ಕೇಳ್ರಿ.”

“ಈಗ ಬ್ಯಾಡ್ರಿ. ನನ್ನ ಹತ್ರ ಒಂದ ಕೈ ಐತಿ.”

“ನನ್ನ ಹತ್ರ ಎರಡದಾವ!”

ಬಾಗಿಲಲ್ಲಿ ಚಹಾದ ಲೋಟ ಹಿಡಿದ ದೇವಕಮ್ಮ ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಹಿಂದೆ ದೇವಿಂದ್ರ, ತಲೆ ತಗ್ಗಿಸಿಕೊಂಡು.

“ಮಿತ್ರಾ, ಈಗ ಖರೇ ಹೇಳಿದ್ರ ಆ ಕೈ ವಾಪಸ್ ಬರ್ತದೇನು?” ದೇವಕಮ್ಮನ ಮಾತಿನಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು. “ಅವರ ಮನ್ಯಾಗ ನಿನ್ನ ಒಳಗ ಬಿಟ್ಕೊಳ್ಳಂಗಿಲ್ಲ. ನಾಳೆ ನಿಶ್ಚಯ ನಿಂತ್ರ ನಮ್ಮವರು ನನ್ನ ಮುಖ ನೋಡಂಗಿಲ್ಲ. ಎಲ್ಲಿ ಇರ್ತಿ?”

“ಗೊತ್ತಿಲ್ಲವ್ವಾ.”

“ನಾಳೆ ಬೀಗರಿಗೆ ನಾ ಏನಂತ ಹೇಳ್ಲಿ?” ಎಂದ ದೇವಿಂದ್ರ, ನೆಲ ನೋಡುತ್ತ.

“ಅವತ್ತು ಫ್ಯೂಸ್ ಯಾರ ಕೈಯಾಗ ಇತ್ತು, ಇನ್ವರ್ಟರ್ ಯಾರು ಹಾಕಿದ್ರು, ಅದನ್ನ ಹೇಳಣ್ಣಾ. ಅಷ್ಟ ಸಾಕು.”

ದೇವಿಂದ್ರ ಗೋಡೆಗೆ ಒರಗಿದ. ದೇವಕಮ್ಮ ಚಹಾದ ಲೋಟವನ್ನು ಬಸಲಿಂಗನ ಮುಂದೆ ಹಿಡಿದಳು. ಅವನು ಎಡಗೈಯಲ್ಲಿ ತೆಗೆದುಕೊಂಡು ಪೂರ್ತಿ ಕುಡಿದ. ಅವಳು ಖಾಲಿ ಲೋಟ ಹಿಡಿದು ಒಳಗೆ ಹೋದಳು. ಮಗಳಿಗೆ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಸಂಜೆಯಾಗುತ್ತಿತ್ತು. ಊರಾಚೆಯ ಗುಡ್ಡ ಮಲಗಿದ ಬುದ್ಧನಂತೆ ಬಾನಿಗೆ ಮುಖ ಮಾಡಿತ್ತು. ಇಬ್ಬರೂ ಬಸ್ ನಿಲ್ದಾಣದ ದಾರಿ ಹಿಡಿದಿದ್ದರು. ಸುರಪುರದ ಬಾಗಿಲು ತೆರೆಯುವುದಿಲ್ಲ, ಬಿಟ್ಟು ಬಂದ ಮನೆಯ ಬಾಗಿಲು ಮತ್ತೆ ತೆರೆಯುತ್ತದೋ ಇಲ್ಲವೋ. ಆಮೀನಾ ಟೀಚರ್ ಮನೆಯಲ್ಲಿ ಅವಳಿಗೆ ಇವತ್ತು ಮಲಗಲು ಜಾಗ ಸಿಗಬಹುದು. ಅದರಾಚೆ ಏನೂ ಗೊತ್ತಿರಲಿಲ್ಲ. ಓಣಿಯ ಜನ ನೋಡುತ್ತಿದ್ದರು.

“ಇನ್ನೂ ಹೊತ್ತು ಮೀರಿಲ್ರಿ. ತಿರುಗಿ ಹೋಗ್ರಿ,” ಎಂದ ಬಸಲಿಂಗ. “ನನ್ನ ಸಂಗಡ ಬಂದ್ರ ಸುಖ ಇಲ್ಲ.”

“ಗೊತ್ತೈತಿ.”

“ಈ ಕೈ ಎಂದೂ ಬರಂಗಿಲ್ಲ.”

“ಅದೂ ಗೊತ್ತೈತಿ.”

ಅವಳು ಅವನ ಬಲಗಡೆಗೆ ಬಂದಳು. ಜೋತುಬಿದ್ದ ಆ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಮುಷ್ಟಿಯೊಳಗೆ ತೆಗೆದುಕೊಂಡಳು. ಫ್ಯೂಸ್ ಹಿಡಿದ ಹಾಗೇ, ಬಿಗಿಯಾಗಿ.

ಅವನಿಗೆ ಏನೂ ತಿಳಿಯಲಿಲ್ಲ. ಜನರ ಕಣ್ಣು ತಪ್ಪಿಸಲು ನೇರ ಮುಂದೆ ನೋಡುತ್ತ ನಡೆಯುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ತೋಳಿನ ಭಾರ ಕಡಿಮೆಯಾಗಿದೆ ಅನ್ನಿಸಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

“ಮಿತ್ರಾ…” ಮೊದಲ ಸಲ ಹೆಸರು ಹಿಡಿದು ಕರೆದ. “ನನಗ ತಿಳಿಯವಲ್ದು… ಕೈಯಾಗ ಐತಿ?”

“ಐತ್ರಿ,” ಎಂದಳು ಅವಳು.